ಒಂದು ಫೈಲಿಗಾಗಿ ಇಡೀ ಟೇಪ್ ಓದಿಸಬೇಡಿ

ಲೆಕ್ಕದ ಫೈಲೊಂದು ಅಳಿಸಿಹೋಗಿದೆ, ಅದರ ಬ್ಯಾಕಪ್ ಟೇಪಿನಲ್ಲಿದೆ. ಆಗ ಹೆಚ್ಚಿನವರು ಟಾರ್‌ಗೆ (ಹಲವು ಫೈಲುಗಳನ್ನು ಆರ್ಕೈವ್ ಎಂಬ ಒಂದೇ ಕಟ್ಟಾಗಿ ಬರೆದು, ಓದುವ ಆಜ್ಞೆ) ಫೈಲಿನ ಹೆಸರು ಕೊಟ್ಟು ಸುಮ್ನೆ ಕಾಯುತ್ತಾ ಕೂರುತ್ತಾರೆ. ಎಲ್‌ಟಿಒ-8 ಎಂಬ ಬಗೆಯ ಟೇಪಿನಲ್ಲಿ 12 ಟೆರಾಬೈಟ್ ಹಿಡಿಯುತ್ತದೆ. ಸೆಕೆಂಡಿಗೆ 360 ಮೆಗಾಬೈಟ್‌ನಂತೆ ಓದಿದರೂ ಕೊನೆ ಮುಟ್ಟಲು 9 ಗಂಟೆ ದಾಟುತ್ತದೆ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ, ಅಂದರೆ ಇಂಡೆಕ್ಸ್, ಇದ್ದರೆ ನೇರವಾಗಿ ಆ ಜಾಗಕ್ಕೇ ಹೋಗಬಹುದು.

ತಯಾರಿ ಬ್ಯಾಕಪ್ ದಿನವೇ ಆಗಬೇಕು. ಲಿನಕ್ಸ್‌ನಲ್ಲಿ ಬರೆಯುವ ಮುಂಚೆ 'ಎಂಟಿ ಟೆಲ್' (ಟೇಪ್ ಈಗ ಎಲ್ಲಿದೆ ಎಂದು ಹೇಳುವ ಆಜ್ಞೆ) ಕೊಟ್ಟು, ಬಂದ ಬ್ಲಾಕ್ (ಟೇಪಿಗೆ ಒಂದೇ ಸಲಕ್ಕೆ ಬರೆಯುವ ಭಾಗ) ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಟಾರ್‌ಗೆ ಬ್ಲಾಕ್ ಸಂಖ್ಯೆ ತೋರಿಸುವ ಆಯ್ಕೆ ಮತ್ತು ಇಂಡೆಕ್ಸ್ ಫೈಲ್ ಆಯ್ಕೆ ಎರಡನ್ನೂ ಕೊಡಿ. ಬ್ಲಾಕಿನ ಗಾತ್ರ ಹೇಳುವ ಬ್ಲಾಕಿಂಗ್ ಫ್ಯಾಕ್ಟರ್ 512 ಇರಲಿ. ಟಾರ್‌ನಲ್ಲಿ ಕಂಪ್ರೆಸ್ ಮಾಡಲೇಬೇಡಿ: ಹಾಗೆ ಮಾಡಿದರೆ ಇಂಡೆಕ್ಸಿನ ಸಂಖ್ಯೆಗೂ ಟೇಪಿನ ಜಾಗಕ್ಕೂ ತಾಳೆಯಾಗುವುದಿಲ್ಲ. ಕಂಪ್ರೆಸ್ ಮಾಡುವ ಕೆಲಸವನ್ನು ಟೇಪ್ ಡ್ರೈವೇ ಮಾಡುತ್ತದೆ. ಇಂಡೆಕ್ಸನ್ನು ತನಗೆ ಮಾತ್ರ ಅರ್ಥವಾಗುವ ರೂಪದಲ್ಲಿ ಬಚ್ಚಿಡುವ ಬ್ಯಾಕಪ್ ತಂತ್ರಾಂಶ ನನಗೆ ಬೇಡ, ನಿಮಗೂ ಬೇಡ. ಸಾದಾ ಟೆಕ್ಸ್ಟ್ ಫೈಲ್ ಸಾಕು. ಅದನ್ನು ಬ್ಯಾಕಪ್ ತೆಗೆದ ಸರ್ವರ್‌ನಲ್ಲೇ ಇಡಬೇಡಿ. ಸರ್ವರ್ ಕೆಟ್ಟ ದಿನವೇ ಅಲ್ವಾ ಅದು ಬೇಕಾಗುವುದು?

ಮರಳಿ ಪಡೆಯುವಾಗ ಮೊದಲು ಕಾರ್ಟ್ರಿಜ್‌ನ ರೈಟ್ ಪ್ರೊಟೆಕ್ಟ್ ಗುಂಡಿ (ಟೇಪಿಗೆ ಏನೂ ಬರೆಯದಂತೆ ತಡೆಯುವುದು) ಸರಿಸಿ, ಆಮೇಲೆ ಡ್ರೈವಿಗೆ ಹಾಕಿ.

ಇಂಡೆಕ್ಸಿನಲ್ಲಿ ಫೈಲಿನ ಹೆಸರು ಹುಡುಕಿ.

ಜನ ಎಡವುವುದು ಇಲ್ಲಿಂದ ಮುಂದೆ. ಫೈಲಿನ ಎದುರು 4812367 ಎಂದಿದೆ ಅಂದುಕೊಳ್ಳಿ. ಅನೇಕರು ಇದನ್ನೇ ಟೇಪಿಗೆ ಕೊಟ್ಟುಬಿಡುತ್ತಾರೆ. ಆದರೆ ಟಾರ್ ಎಣಿಸುವುದು 512 ಬೈಟ್‌ನ ತುಂಡುಗಳನ್ನು. ನಮ್ಮ ಟೇಪಿನ ಒಂದು ಬ್ಲಾಕಿನಲ್ಲಿ ಅಂಥ 512 ತುಂಡುಗಳಿವೆ. ಹಾಗಾಗಿ 512ರಿಂದ ಭಾಗಿಸಿ, ದಶಾಂಶ ಬಿಡಿ: 9399. ಬರೆದಿಟ್ಟ ಆರಂಭದ ಬ್ಲಾಕ್ 120050 ಆಗಿದ್ದರೆ ಕೂಡಿಸಿ: 129449. ಇದರಲ್ಲಿ ಒಂದು ಕಳೆಯಿರಿ, 129448. ಉದ್ದ ಹೆಸರಿನ ಫೈಲಿಗೆ ಟಾರ್ ಮುಂಚಿತವಾಗಿ ಹೆಚ್ಚುವರಿ ಹೆಡರ್ (ಫೈಲಿನ ವಿವರವಿರುವ ತುಂಡು) ಬರೆದಿರುತ್ತದೆ, ಅದು ಹಿಂದಿನ ಬ್ಲಾಕಿನಲ್ಲಿ ಇರಬಹುದು. ಭಾಗಿಸಿದಾಗ ಸೊನ್ನೆ ಬಂದರೆ ಮಾತ್ರ ಕಳೆಯಬೇಡಿ, ಇಲ್ಲದಿದ್ದರೆ ಆರ್ಕೈವ್‌ನಿಂದಲೇ ಹಿಂದೆ ಹೋಗುತ್ತೀರಿ.

ಈಗ 'ಎಂಟಿ ಸೀಕ್' ಕೊಟ್ಟು ಅಲ್ಲಿಗೆ ಹೋಗಿ. ಡ್ರೈವಿನ ಹೆಸರು ಎನ್‌ಎಸ್‌ಟಿ0 ಎಂದೇ ಇರಬೇಕು. ಎಸ್‌ಟಿ0 ಕೊಟ್ಟರೆ ಆಜ್ಞೆ ಮುಗಿದ ಕೂಡಲೇ ಟೇಪ್ ಮತ್ತೆ ಆರಂಭಕ್ಕೆ ಸುತ್ತಿಕೊಂಡು, ಸೀಕ್ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ.

ಆಮೇಲೆ ಟಾರ್ ಓಡಿಸಿ. ಬ್ಲಾಕಿಂಗ್ ಫ್ಯಾಕ್ಟರ್ ಮತ್ತೆ 512 ಕೊಡಬೇಕು. ಮರೆತರೆ ಮೆಮೊರಿ ಸಾಲದು ಎಂಬ ದೋಷ ಬರುತ್ತದೆ, ಜನ ಹೋಗಿ ರ‍್ಯಾಮ್ ಜಾಸ್ತಿ ಹಾಕಿಸುತ್ತಾರೆ! 'ಆಕರೆನ್ಸ್' ಆಯ್ಕೆಯೂ ಇರಲಿ. ಅದಿಲ್ಲದಿದ್ದರೆ ಫೈಲ್ ಸಿಕ್ಕ ಮೇಲೂ ಟಾರ್ ಆರ್ಕೈವ್‌ನ ಕೊನೆಯವರೆಗೆ ಓದುತ್ತಲೇ ಇರುತ್ತದೆ. ಶುರುವಿನಲ್ಲಿ 'ಇದು ಟಾರ್ ಆರ್ಕೈವ್‌ನಂತೆ ಕಾಣುತ್ತಿಲ್ಲ' ಎಂದು ಬಂದರೆ ಗಾಬರಿಯಾಗಬೇಡಿ, ನಿಲ್ಲಿಸಲೂಬೇಡಿ. ಮತ್ಯಾವುದೋ ಫೈಲಿನ ನಡುವೆ ಇಳಿದಿದ್ದೇವೆ, ಮುಂದಿನ ಹೆಡರನ್ನು ಟಾರ್ ತಾನೇ ಹುಡುಕಿಕೊಳ್ಳುತ್ತದೆ.

ಫೈಲನ್ನು ಬೇರೆ ಫೋಲ್ಡರಿಗೇ ಇಳಿಸಿ. ಹಳೆಯ ಜಾಗದಲ್ಲಿ ಈಗಿರುವುದರ ಮೇಲೆ ನೇರ ಬರೆಸಬೇಡಿ. ತೆರೆದು ನೋಡಿ, ಸರಿಯಿದ್ದರೆ ಮಾತ್ರ ಸ್ಥಳಕ್ಕೆ ಸೇರಿಸಿ.

ಇಂಡೆಕ್ಸೇ ಇಲ್ಲದ ಹಳೆಯ ಟೇಪಾದರೆ ಬೇರೆ ದಾರಿಯಿಲ್ಲ. ಬಿಡುವಿನ ಒಂದು ರಾತ್ರಿ ಬ್ಲಾಕ್ ಸಂಖ್ಯೆ ಸಮೇತ ಟಾರ್ ಪಟ್ಟಿ ತೆಗೆಸಿ, ಟೇಪಿನ ಲೇಬಲ್‌ನ ಹೆಸರಲ್ಲೇ ಉಳಿಸಿ.