ಕೋರೆಗಾಂವ್ ಕಾಳಗನ ಕ್ಲಾಸಲ್ಲಿ ನಾನು ಹೇಗೆ ಕಲಿಸ್ತೀನಿ – ನನ್ನ ಅನುಭವ

ಮೂರನೇ ಆಂಗ್ಲೋ-ಮರಾಠಾ ಯುದ್ಧ ಅಂದ್ರೆ ಹೈಸ್ಕೂಲ್ ಪಾಠದಲ್ಲಿ ಸಿಗೋದು ಕೆಲವೇ ಸಾಲು. 1817-18, ಪುಣೆಯ ಪೇಶ್ವೆ ಎರಡನೇ ಬಾಜಿರಾಯ ಈಸ್ಟ್ ಇಂಡಿಯಾ ಕಂಪನಿಗೆ ಸೋತ, ಪೇಶ್ವೆ ಪದವಿ ರದ್ದಾಯ್ತು, ಮುಗೀತು. ಪರೀಕ್ಷೆಗೆ ಅಷ್ಟು ಸಾಕು ನಿಜ, ಆದ್ರೆ ಬೆಳಗಾವಿ ಕಡೆ ಪಾಠ ಮಾಡೋ ನನ್ನಂಥವ್ರು ಅಷ್ಟಕ್ಕೇ ಬಿಟ್ಟು ಮುಂದೆ ಹೋಗೋಕಾಗಲ್ಲ, ಯಾಕಂದ್ರೆ ನಾನು ಬಾಯಿ ಬಿಡೋಕೆ ಮುಂಚೆನೇ ಮಕ್ಕಳು ಭೀಮಾ ಕೋರೆಗಾಂವ್ ಅನ್ನೋ ಹೆಸರು ಕೇಳಿರ್ತಾರೆ. 1818 ಜನವರಿ 1ಕ್ಕೆ ಪುಣೆ ಹತ್ರದ ಆ ಹಳ್ಳಿಯಲ್ಲಿ ಕಂಪನಿಯ ಪುಟ್ಟ ಪಡೆ ಪೇಶ್ವೆ ಸೈನ್ಯದ ಎದುರು ಹೋರಾಡಿತ್ತು, ಆ ಪಡೆಯಲ್ಲಿ ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಮಹಾರ್ ಜಾತಿಯ ಸಿಪಾಯಿಗಳು ಬಹಳ ಇದ್ರು. ಕೆಲವರ ಮನೆಯಿಂದ ಜನವರಿ 1ಕ್ಕೆ ವಿಜಯಸ್ತಂಭಕ್ಕೆ ನಮಸ್ಕಾರ ಮಾಡೋಕೆ ಹೋಗಿ ಬಂದಿರ್ತಾರೆ, ಇನ್ನು ಕೆಲವರ ಮೊಬೈಲ್‌ಗೆ "ಬ್ರಿಟಿಷರ ಪರ ಹೋರಾಡಿದವರಿಗೆ ಯಾಕೆ ಗೌರವ" ಅನ್ನೋ ಮೆಸೇಜ್ ಬಂದಿರುತ್ತೆ, ಮತ್ತೆ ಈ ಇಬ್ಬರೂ ಒಂದೇ ಬೆಂಚಲ್ಲಿ ಪಕ್ಕಪಕ್ಕ ಕೂತಿರ್ತಾರೆ. 2018ರಲ್ಲಿ ಅಲ್ಲಿ ಗಲಾಟೆ ಆದ್ಮೇಲಂತೂ ಈ ವಿಷಯ ಎತ್ತೋದೇ ಬೇಡ ಅಂತ ಎಷ್ಟೋ ಟೀಚರ್‌ಗಳು ಅಂದ್ಕೊಂಡಿದ್ದಾರೆ. ನನಗೆ ಅನ್ಸೋದು ಉಲ್ಟಾ, ಕ್ಲಾಸಲ್ಲಿ ಮಾತಾಡ್ಲಿಲ್ಲ ಅಂದ್ರೆ ಅದನ್ನ ಅವ್ರು ಮೊಬೈಲಿಂದ ಮಾತ್ರ ಕಲೀತಾರೆ.

ನಾನು ಶುರು ಮಾಡೋದು ಕಾಳಗದಿಂದ ಅಲ್ಲ, 1802ರಿಂದ. ಆ ವರ್ಷ ಇಂದೋರಿನ ಮರಾಠಾ ಸರದಾರ ಹೋಳ್ಕರ್ ಪುಣೆ ಹತ್ರ ಪೇಶ್ವೆ ಸೈನ್ಯನ ಸೋಲಿಸಿದ, ಬಾಜಿರಾಯ ಓಡಿಹೋಗಿ ಬಸ್ಸೀನ್‌ನಲ್ಲಿ (ಮುಂಬೈ ಹತ್ರದ ಈಗಿನ ವಸಾಯಿ) ಕಂಪನಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ. ತಾರೀಖು 1802 ಡಿಸೆಂಬರ್ 31. ಕಂಪನಿ ಸೈನ್ಯನ ತನ್ನ ರಾಜ್ಯದಲ್ಲಿ ಇಟ್ಕೊಳ್ತೀನಿ, ಅದರ ಖರ್ಚಿಗೆ ಪ್ರಾಂತ್ಯ ಬಿಟ್ಕೊಡ್ತೀನಿ ಅಂತ ಒಪ್ಕೊಂಡ, ಮುಂದಿನ ವರ್ಷ ಇಂಗ್ಲಿಷರೇ ಅವನನ್ನ ಕರ್ಕೊಂಡು ಬಂದು ಪುಣೆ ಗಾದಿ ಮೇಲೆ ಕೂರಿಸಿದ್ರು. ಇದನ್ನ ಬೋರ್ಡ್ ಮೇಲೆ ಬರೆದು ಹಾಗೇ ಬಿಟ್ಟಿರ್ತೀನಿ, ಅಳಿಸಲ್ಲ. "ದೇಶದ್ರೋಹ" ಅನ್ನೋ ಮಾತು ಕ್ಲಾಸಲ್ಲಿ ಬಂದೇ ಬರುತ್ತೆ, ಬಂದಾಗ ನಾನು ವಾದ ಮಾಡೋಕೆ ಹೋಗಲ್ಲ, ಬೋರ್ಡ್ ತೋರಿಸ್ತೀನಿ ಅಷ್ಟೆ. ದೊರೆನೇ ಕಂಪನಿ ಸೈನ್ಯದ ಬಲದ ಮೇಲೆ ಗಾದಿ ಉಳಿಸ್ಕೊಂಡ ಕಾಲದಲ್ಲಿ, ಸಂಬಳಕ್ಕೆ ಕಂಪನಿ ಪಲ್ಟನ್ ಸೇರಿದ ಬಡ ಸಿಪಾಯಿ ಹತ್ರ ಮಾತ್ರ ಯಾಕೆ ದೇಶದ ಲೆಕ್ಕ ಕೇಳ್ಬೇಕು?

ಆಮೇಲೆ ಕಂಪನಿ ಸಿಪಾಯಿಗಳ ರಾತ್ರಿ ನಡಿಗೆ. ನಿಜ ಹೇಳ್ಬೇಕಂದ್ರೆ ಮಕ್ಕಳು ಅತಿ ಹೆಚ್ಚು ಮನಸ್ಸಿಟ್ಟು ಕೇಳೋ ಭಾಗ ಇದೇ. 1817ರ ನವೆಂಬರ್‌ನಲ್ಲಿ ಖಡಕಿ ಕಾಳಗ ಆಗಿ ಪುಣೆ ಇಂಗ್ಲಿಷರ ಕೈಗೆ ಹೋಗಿತ್ತು, ಪೇಶ್ವೆ ತಪ್ಪಿಸ್ಕೊಂಡು ಓಡಾಡ್ತಿದ್ದ, ಕಂಪನಿಯ ಜನರಲ್ ಸ್ಮಿತ್ ಬೆನ್ನಟ್ಟಿದ್ದ. ಪೇಶ್ವೆ ಮತ್ತೆ ಪುಣೆ ಕಡೆ ತಿರುಗಿದಾನೆ ಅಂತ ಗೊತ್ತಾದಾಗ ಪುಣೆಯಲ್ಲಿದ್ದ ಕಂಪನಿಯ ಕರ್ನಲ್ ಬರ್, ಪುಣೆ ಜಿಲ್ಲೆಯ ಶಿರೂರಲ್ಲಿದ್ದ ಕಂಪನಿ ಪಡೆಯಿಂದ ಸಹಾಯ ಕೇಳಿದ. ಡಿಸೆಂಬರ್ 31ರ ರಾತ್ರಿ 8 ಗಂಟೆ ಸುಮಾರಿಗೆ ಕ್ಯಾಪ್ಟನ್ ಸ್ಟಾಂಟನ್ ಶಿರೂರಿಂದ ಹೊರಟ. ಅವನ ಜೊತೆ ಬಾಂಬೆ ನೇಟಿವ್ ಇನ್‌ಫೆಂಟ್ರಿಯ 1ನೇ ರೆಜಿಮೆಂಟಿನ 2ನೇ ಬೆಟಾಲಿಯನ್, ಅಂದ್ರೆ ಸುಮಾರು 500 ಕಾಲಾಳು, 300ರ ಆಸುಪಾಸು ಪೂನಾ ಕುದುರೆ ಸವಾರರು, ಮದ್ರಾಸ್ ತೋಪಖಾನೆಯ ಒಂದಿಷ್ಟು ಯುರೋಪಿಯನ್ ಗೋಲಂದಾಜರು (ತೋಪು ಹಾರಿಸೋರು), ಎರಡು ತೋಪು. ಎಲ್ಲಾ ಸೇರಿ 834 ಜನ. ರಾತ್ರಿಯೆಲ್ಲಾ ನಡೆದ್ರು, 40 ಕಿಲೋಮೀಟರ್‌ಗಿಂತ ಜಾಸ್ತಿ. ಬೆಳಿಗ್ಗೆ ಕೋರೆಗಾಂವ್ ಹತ್ರ ಬಂದು ನೋಡ್ತಾರೆ, ಭೀಮಾ ನದಿ ಆಚೆ ದಡದಲ್ಲಿ ಪೇಶ್ವೆ ಸೈನ್ಯ ಪೂರ್ತಿ ನಿಂತಿದೆ.

ಇಲ್ಲಿ ನಾನು ಮಕ್ಕಳನ್ನ ಶಾಲೆ ಮೈದಾನಕ್ಕೆ ಕರ್ಕೊಂಡು ಹೋಗ್ತೀನಿ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ನದಿ ಎಳೀತೀವಿ, ಹಳ್ಳಿ ಎಳೀತೀವಿ. ಕೋರೆಗಾಂವ್‌ಗೆ ಮಣ್ಣಿನ ಗೋಡೆ ಇತ್ತು, ಸ್ಟಾಂಟನ್ ತನ್ನ ಜನರನ್ನ ಅದರೊಳಗೆ ಹಾಕ್ಕೊಂಡ, ಆದ್ರೆ ಪೇಶ್ವೆ ಕಡೆಯ ಅರಬ್ ಕಾಲಾಳುಗಳೂ ಒಳಗೆ ನುಗ್ಗಿ ಕೆಲವು ಜಾಗ ಹಿಡ್ಕೊಂಡ್ರು. ಹಾಗಾಗಿ ಇದು ಬಯಲಲ್ಲಿ ಎರಡು ಸಾಲು ಎದುರುಬದುರು ನಿಂತು ಮಾಡಿದ ಯುದ್ಧ ಅಲ್ಲ, ಗಲ್ಲಿ ಗಲ್ಲಿಯಲ್ಲಿ, ಮನೆ ಮನೆಯಲ್ಲಿ ಆದದ್ದು. ನೀರಿಗೆ ದಾರಿ ಇಲ್ಲ. ನದಿ ಕಣ್ಣೆದುರಿಗೇ ಇದೆ, ಹೋಗೋಕಾಗಲ್ಲ. ರಾತ್ರಿಯಿಡೀ ನಡೆದು ಬಂದವ್ರು ಹಗಲಿಡೀ ಊಟ ನೀರು ಇಲ್ದೆ ರಾತ್ರಿ 9ರ ತನಕ ಹೊಡೆದಾಡಿದ್ರು. ಕಂಪನಿಯ ಒಂದು ತೋಪು ಕೈತಪ್ಪಿ ಹೋಯ್ತು, ಲೆಫ್ಟಿನೆಂಟ್ ಚಿಶೋಮ್ ಸತ್ತ, ಆಗ ಪ್ಯಾಟಿನ್ಸನ್ ಅನ್ನೋ ಇನ್ನೊಬ್ಬ ಅಧಿಕಾರಿ ಸಿಪಾಯಿಗಳನ್ನ ಕಟ್ಕೊಂಡು ಮುನ್ನುಗ್ಗಿ ಆ ತೋಪನ್ನ ವಾಪಸ್ ಕಿತ್ಕೊಂಡ, ಅವನೂ ಆ ಗಾಯದಿಂದಲೇ ಮುಂದೆ ಸತ್ತ. ಮಧ್ಯದಲ್ಲಿ ಕೆಲವು ಗೋಲಂದಾಜರು ಶರಣಾಗೋಣ ಅಂತ ಕೇಳಿದ್ರು. ಡಿಸೆಂಬರ್ ಬಿಸಿಲಲ್ಲಿ ಆ ಸುಣ್ಣದ ಗೆರೆಯೊಳಗೆ ಸುಮ್ನೆ ಒಂದು ಪೀರಿಯಡ್ ನಿಂತ್ಕೊಂಡ್ರೆ ಸಾಕು, ಬಾಯಾರಿಕೆ ಅನ್ನೋದು ಯುದ್ಧದಲ್ಲಿ ಏನು ಅಂತ ಪುಸ್ತಕ ಇಲ್ದೆ ಅರ್ಥ ಆಗುತ್ತೆ. ನೀರಿನ ಬಾಟಲ್ ಮಾತ್ರ ಕೈಯಲ್ಲೇ ಇರ್ಲಿ ಅಂತೀನಿ, ಮಕ್ಕಳನ್ನ ಉಪವಾಸ ನಿಲ್ಲಿಸೋ ಅಗತ್ಯ ಇಲ್ಲ.

ಇನ್ನು ಸಂಖ್ಯೆ. 500 ಜನ 28,000 ಜನರನ್ನ ಕೊಂದ್ರು ಅಂತ ಒಂದು ಮೆಸೇಜ್ ಓಡಾಡುತ್ತೆ. ಪೇಶ್ವೆ ಹತ್ರ ಒಟ್ಟು 28,000ದಷ್ಟು ಸೈನ್ಯ ಇತ್ತು ಅನ್ನೋದು ಸರಿ, ಅದ್ರಲ್ಲಿ ಬಹುಪಾಲು ಕುದುರೆ. ಮಣ್ಣಿನ ಗೋಡೆ ಇರೋ ಹಳ್ಳಿಯೊಳಗೆ ಕುದುರೆ ನುಗ್ಗಿಸಿ ಏನು ಮಾಡ್ತೀರಿ? ನಿಜವಾಗಿ ಹಳ್ಳಿ ಮೇಲೆ ಬಿದ್ದದ್ದು ಅರಬರು, ಗೋಸಾವಿಗಳು (ಆಯುಧ ಹಿಡಿದ ಸಾಧುಗಳು), ಪೇಶ್ವೆಯ ಕಾಲಾಳುಗಳ ಮೂರು ತಂಡ, ಸುಮಾರು 2,000 ಜನ. ಅವರ ಕಡೆ ಸತ್ತವರು, ಗಾಯ ಆದವರು 500-600 ಅಂತ ಅಂದಾಜು. ಕಂಪನಿ ಕಡೆ 834ರಲ್ಲಿ 275 ಜನ ಸತ್ತರು, ಗಾಯಗೊಂಡರು ಇಲ್ಲಾ ಕಾಣೆಯಾದರು. ಇದನ್ನ ನಾನು ಯಾರ ಹೆಮ್ಮೆನೂ ಕಡಿಮೆ ಮಾಡೋಕೆ ಹೇಳೋದಲ್ಲ, ಇದನ್ನ ಮಕ್ಕಳಿಗೂ ಸ್ಪಷ್ಟವಾಗಿ ಹೇಳ್ತೀನಿ. ರಾತ್ರಿ ನಡೆದು ಬಂದು, ನೀರಿಲ್ದೆ, ಮೂರರಲ್ಲಿ ಒಬ್ಬ ಬಿದ್ದ ಮೇಲೂ ಜಾಗ ಬಿಡ್ಲಿಲ್ಲ ಅನ್ನೋದೇ ಸಾಕಷ್ಟು ದೊಡ್ಡದು, ಅದಕ್ಕೆ ಸೊನ್ನೆ ಸೇರಿಸ್ಬೇಕಾಗಿಲ್ಲ.

ಒಬ್ಬ ಹುಡುಗ ಕೇಳ್ದ, "ಸರ, ಇದ್ರಾಗ ನಮ್ಮವ್ರು ಯಾರ್ರೀ?" ಇಡೀ ಪಾಠ ನಿಂತಿರೋದು ಈ ಪ್ರಶ್ನೆ ಮೇಲೆನೇ ಅಂತ ನನಗನ್ಸುತ್ತೆ, ಅದಕ್ಕೆ ಉತ್ತರ ನಾನು ಬಾಯಲ್ಲಿ ಹೇಳಲ್ಲ, ಹೆಸರಿನ ಚೀಟಿ ಕೊಡ್ತೀನಿ. ಕೋರೆಗಾಂವ್ ಸ್ತಂಭಕ್ಕೆ 1821ರಲ್ಲಿ ಅಡಿಗಲ್ಲು ಹಾಕಿದ್ರು, ಅದ್ರ ಮೇಲೆ ಸತ್ತ 49 ಜನರ ಹೆಸರಿದೆ. ಆ 49 ಹೆಸರನ್ನ ಒಂದೊಂದು ಚೀಟಿ ಮೇಲೆ ಬರೆದು ಕ್ಲಾಸಿಗೆ ಹಂಚ್ತೀನಿ, ನಿಮಗೆ ಬಂದ ಹೆಸರನ್ನ ಜೋರಾಗಿ ಓದಿ, ಹೋಲಿಕೆ ಇರೋ ಹೆಸರುಗಳನ್ನ ಗೋಡೆ ಮೇಲೆ ಒಟ್ಟಿಗೆ ಅಂಟಿಸಿ ಅಂತೀನಿ. ಹೆಚ್ಚು ಹೊತ್ತು ಬೇಕಾಗಲ್ಲ, ಒಂದು ಗುಂಪು ಬೆಳೀತಾ ಹೋಗೋದು ಮಕ್ಕಳಿಗೇ ಕಾಣುತ್ತೆ, ನಾಕ್ ಅಂತ ಮುಗಿಯೋ ಹೆಸರುಗಳು. ಅವು ಮಹಾರ್ ಸಿಪಾಯಿಗಳ ಹೆಸರು, 22 ಇವೆ. ಪಕ್ಕದಲ್ಲಿ ಮರಾಠರು, ರಜಪೂತರು, ಮುಸ್ಲಿಮರು, ಕೊಂಕಣದ ಯಹೂದಿಗಳು. ಆಗ ಇನ್ನೊಂದು ಕಡೆ ಗೋಡೆಗೆ ಪೇಶ್ವೆ ಸೈನ್ಯದಲ್ಲಿ ಯಾರಿದ್ರು ಅಂತ ಬರೀತೀನಿ, ಅರಬರು, ಗೋಸಾವಿಗಳು, ಮರಾಠರು. ಎರಡೂ ಗೋಡೆ ನೋಡಿದ್ಮೇಲೆ ಹಿಂದೂ-ಮುಸ್ಲಿಂ ಅಂತನೋ, ದೇಶ-ವಿದೇಶ ಅಂತನೋ ಗೆರೆ ಎಳೆಯೋಕೆ ಮಕ್ಕಳೇ ಹಿಂದೆ ಮುಂದೆ ನೋಡ್ತಾರೆ. ಮತ್ತೆ ಆ 22 ಹೆಸರು ಗೋಡೆ ಮೇಲೆ ಅಷ್ಟು ಎದ್ದು ಕಾಣೋವಾಗ, ಆ ಕಾಲದ ಪುಣೆಯಲ್ಲಿ ಆ ಜನರಿಗೆ ರಸ್ತೆಯಲ್ಲಿ ನಡೆಯೋಕೂ ಏನೇನು ಕಟ್ಟಳೆ ಇತ್ತು ಅಂತ ಅಂಬೇಡ್ಕರ್ ಬರೆದಿರೋದನ್ನ ಹೇಳಿದ್ರೆ, ಅವ್ರಿಗೆ ಪಲ್ಟನ್ ಯಾಕೆ ಬೇಕಾಗಿತ್ತು ಅಂತ ಬಿಡಿಸಿ ಹೇಳ್ಬೇಕಾಗೇ ಇಲ್ಲ. ಸಂಬಳ, ಪೆನ್ಷನ್, ಮೈಮೇಲೆ ಒಂದು ಯೂನಿಫಾರ್ಮ್, ಮುಂದಿನ ತಲೆಮಾರಿಗೆ ಮಿಲಿಟರಿ ಶಾಲೆ. ಅಂಬೇಡ್ಕರ್ ತಂದೆ ರಾಮಜಿ ಸಕ್ಪಾಲ್ ಸುಬೇದಾರ್ ಆಗಿದ್ರು, ಮಿಲಿಟರಿ ಶಾಲೆಯಲ್ಲೇ ಮೇಷ್ಟ್ರಾಗಿದ್ರು, ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೂ ಮಹೂ ದಂಡಿನಲ್ಲಿ.

ಒಂದು ಮಾತು ಟೀಚರ್‌ಗಳಿಗೆ. ಈ ಚೀಟಿ ಹಂಚೋವಾಗ ಯಾವ ಮಗುವಿನ ಜಾತಿನೂ ಮಾತಿಗೆ ಬರಬಾರ್ದು, ಯಾರಿಗೆ ಯಾವ ಚೀಟಿ ಬರುತ್ತೆ ಅನ್ನೋದು ಡಬ್ಬಿ ಕೈಯಾಡಿಸಿ ತೆಗೆದ ಹಾಗೆ ಇರ್ಬೇಕು. "ನಿಮ್ಮ ಮನೆಯವ್ರು ಹೋಗ್ತಾರಲ್ಲ, ನೀನು ಹೇಳು" ಅಂತ ಒಬ್ಬ ಹುಡುಗನ ಕಡೆ ಕೈ ತೋರಿಸೋದು ಬಹಳ ಕೆಟ್ಟದ್ದು. ತಾನಾಗೇ ಎದ್ದು ಹೇಳಿದ್ರೆ ಬೇರೆ ಮಾತು, ಒಬ್ಬ ಹುಡುಗಿ ತಾನಾಗೇ ಎದ್ದು ಅಜ್ಜನ ಜೊತೆ ಅಲ್ಲಿಗೆ ಹೋಗಿದ್ದನ್ನ ಹೇಳಿದ್ಲು, ಎಷ್ಟು ಜನ ಇದ್ರು, ಕ್ಯೂ ಎಷ್ಟಿತ್ತು, ಅಜ್ಜ ಸ್ತಂಭದ ಮುಂದೆ ಹೇಗೆ ನಿಂತ ಅಂತೆಲ್ಲಾ. ಕ್ಲಾಸು ಪೂರ್ತಿ ಕೇಳ್ತು.

ಆದ್ರೆ ಪಾಠ 1818ಕ್ಕೆ ನಿಂತ್ರೆ ಕಂಪನಿ ದೊಡ್ಡ ಉಪಕಾರಿ ಅನ್ನೋ ಹಾಗೆ ಆಗುತ್ತೆ, ಅದು ಸುಳ್ಳು. ಆ ಸ್ತಂಭ ಕಟ್ಟಿಸಿದವ್ರು ಅದ್ರ ಮೇಲೆ ಕೆತ್ತಿಸಿರೋದು ಪೂರ್ವದಲ್ಲಿ ಬ್ರಿಟಿಷ್ ಸೈನ್ಯದ ಹೆಮ್ಮೆಯ ಗೆಲುವು ಅಂತ, ಜಾತಿ ವಿರುದ್ಧದ ಗೆಲುವು ಅಂತ ಅಲ್ಲ. ಮುಂದೆ ಅದೇ ಸರ್ಕಾರ ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಲಾಯಕ್ಕು ಅನ್ನೋ ಸಿದ್ಧಾಂತ ಹಿಡ್ಕೊಂಡು 1890ರ ದಶಕದ ಶುರುವಲ್ಲಿ ಸೈನ್ಯಕ್ಕೆ ಮಹಾರರ ಭರ್ತಿನೇ ನಿಲ್ಲಿಸ್ಬಿಡ್ತು. ತಾತನ ಹೆಸರು ಕಲ್ಲಿನ ಮೇಲೆ, ಮೊಮ್ಮಗನಿಗೆ ಭರ್ತಿ ಇಲ್ಲ. 1910ರಲ್ಲಿ ಮಹಾರ್ ಮುಖಂಡ ಶಿವರಾಮ್ ಜಾನಬಾ ಕಾಂಬಳೆ ಅವರು ಭರ್ತಿ ಮತ್ತೆ ಶುರು ಮಾಡಿ ಅಂತ ಸರ್ಕಾರಕ್ಕೆ ಮನವಿ ಕೊಟ್ರು. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ಸ್ ಅನ್ನೋ ಪಲ್ಟನ್ ಕಟ್ಟಿದ್ರು, ಯುದ್ಧ ಮುಗಿದ್ಮೇಲೆ ಅದನ್ನೂ ಮುಚ್ಚಿದ್ರು. 1927 ಜನವರಿ 1ಕ್ಕೆ ಅಂಬೇಡ್ಕರ್ ಕೋರೆಗಾಂವ್‌ಗೆ ಹೋದದ್ದನ್ನ ಇದರ ಜೊತೆ ಇಟ್ಟು ನೋಡಿದಾಗ ಮಾತ್ರ ಅದು ಪೂರ್ತಿ ಅರ್ಥ ಆಗೋದು, ಅಲ್ಲಿ ಕಂಪನಿ ಗುಣಗಾನ ಮಾಡೋದು ಏನೂ ಇಲ್ಲ, ದುಡಿಸ್ಕೊಂಡು ಕೈಬಿಟ್ಟವರ ಮುಂದೆ ಲೆಕ್ಕ ಇಟ್ಟ ಹಾಗಿತ್ತು ಅದು. ಕೊನೆಗೆ 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟ್ ಶುರುವಾಯ್ತು, ಎಲ್ಲಿ ಅಂತೀರಾ, ನಮ್ಮ ಬೆಳಗಾವಿಯಲ್ಲಿ! ಇದನ್ನ ಹೇಳಿದಾಗ ಕ್ಲಾಸಲ್ಲಿ ಆಗೋ ಗದ್ದಲ ನೋಡ್ಬೇಕು, ದಿನಾ ಬಸ್ಸಲ್ಲಿ ಕ್ಯಾಂಪ್ ದಾಟ್ಕೊಂಡು ಬರೋ ಮಕ್ಕಳಿಗೆ ಅದು ಗೊತ್ತೇ ಇರಲ್ಲ. ಸ್ವಾತಂತ್ರ್ಯ ಬರೋ ತನಕ ಆ ರೆಜಿಮೆಂಟಿನ ಲಾಂಛನದಲ್ಲಿ ಕೋರೆಗಾಂವ್ ಸ್ತಂಭ ಇತ್ತು.

ಬೆಳಗಾವಿ ಅಂದ್ಮೇಲೆ ಇನ್ನೊಂದನ್ನ ಬಿಡೋಕಾಗಲ್ಲ. ಅದೇ ಯುದ್ಧದಲ್ಲಿ, ಅದೇ 1818ರಲ್ಲಿ, ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಧಾರವಾಡದ ಕಡೆಯಿಂದ ಬಂದು ಫೆಬ್ರವರಿಯಲ್ಲಿ ಬಾದಾಮಿ, ಏಪ್ರಿಲ್‌ನಲ್ಲಿ ಬೆಳಗಾವಿ ಕೋಟೆ ಹಿಡಿದ. ಅವನ ಹತ್ರ ದೊಡ್ಡ ಸೈನ್ಯ ಇರ್ಲಿಲ್ಲ, ಈ ಭಾಗದ ಜನರನ್ನೇ ಸಂಬಳಕ್ಕೆ ಇಟ್ಕೊಂಡು ಊರೂರಲ್ಲಿ ಪೇಶ್ವೆ ಠಾಣ್ಯಗಳನ್ನ ತೆಗೆಸಿದ. ಅವ್ರು ಕನ್ನಡದ ಹಳ್ಳಿಗಳ ಜನನೇ. ಕೋರೆಗಾಂವ್ ಸಿಪಾಯಿ ಬಗ್ಗೆ ಜೋರಾಗಿ ತೀರ್ಪು ಕೊಟ್ಟಿದ್ದ ಹುಡುಗರು ಇದನ್ನ ಕೇಳಿ ಬೇರೆ ತರದ ಪ್ರಶ್ನೆ ಶುರು ಮಾಡಿದ್ರು, ಸಂಬಳ ಎಷ್ಟಿತ್ತು, ಯಾಕೆ ಹೋದ್ರು, ಹೊಲ ಯಾರು ನೋಡ್ಕೊಂಡ್ರು ಅಂತ. ನನಗೆ ಬೇಕಾಗಿದ್ದು ಆ ಪ್ರಶ್ನೆಗಳೇ.

ಯಾರು ಗೆದ್ರು ಅನ್ನೋದನ್ನ ನಾನು ಕೊನೆಗೆ ಡಿಬೇಟ್‌ಗೆ ಬಿಡ್ತೀನಿ. ಒಂದು ಕಡೆಯವರಿಗೆ ಕೊಡೋ ಅಂಶ, ರಾತ್ರಿ ಪೇಶ್ವೆ ಸೈನ್ಯ ಹಿಂದೆ ಸರಿದು ಹೊರಟು ಹೋಯ್ತು, ಹಳ್ಳಿ ಕಂಪನಿ ಕೈಯಲ್ಲೇ ಉಳೀತು. ಇನ್ನೊಂದು ಕಡೆಗೆ, ಸ್ಟಾಂಟನ್ ಪುಣೆಗೆ ಹೋಗಿ ಮುಟ್ಲೇ ಇಲ್ಲ, ಗಾಯಾಳುಗಳನ್ನ ಹೊತ್ಕೊಂಡು ಶಿರೂರಿಗೇ ವಾಪಸ್ ಬಂದ, ಪೇಶ್ವೆ ಹೊರಟಿದ್ದು ಜನರಲ್ ಸ್ಮಿತ್ ಹತ್ರ ಬರ್ತಿದಾನೆ ಅನ್ನೋ ಕಾರಣಕ್ಕೂ ಹೌದು, ಅವನು ಕೈಗೆ ಸಿಕ್ಕಿದ್ದು ಜೂನ್‌ನಲ್ಲಿ ಕಂಪನಿಯ ಅಧಿಕಾರಿ ಮಾಲ್ಕಮ್ ಮುಂದೆ ಶರಣಾದಾಗಲೇ. ಎರಡು ಗುಂಪಿಗೂ ಮ್ಯಾಪ್ ಕೊಡ್ತೀನಿ, ಶಿರೂರು, ಕೋರೆಗಾಂವ್, ಪುಣೆ ಗುರುತು ಮಾಡಿ ವಾದಿಸ್ಬೇಕು, ಬರೀ ಬಾಯಿಮಾತಿಗೆ ಮಾರ್ಕ್ಸ್ ಇಲ್ಲ. ಮೂರು ಪೀರಿಯಡ್ ಸಿಕ್ಕಿದ್ರೆ ಇಷ್ಟೂ ಆಗುತ್ತೆ, ಒಂದೇ ಸಿಕ್ಕಿದ್ರೆ ಡಿಬೇಟ್ ಬಿಡಿ, ಮೈದಾನನೂ ಬಿಡಿ, 49 ಚೀಟಿ ಮಾತ್ರ ಬಿಡ್ಬೇಡಿ. ಡಿಸೆಂಬರ್ ಮೂರನೇ ವಾರದಲ್ಲಿ ಮುಗಿಸಿ, ಜನವರಿ 1ರ ಮೆಸೇಜ್‌ಗಳು ಬರೋ ಹೊತ್ತಿಗೆ ಮಕ್ಕಳ ಹತ್ರ ತಮ್ಮದೇ ನೋಟ್ಸ್ ಇರ್ಲಿ.