ಮಾವನವರ ‘ಸಾಕು’

ನಾನು ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದಾಗ ನಮ್ಮ ಮಾವ ಬೆಳಿಗ್ಗೆ ಕೂತಲ್ಲೇ ಎಂಟು ನೀರುದೋಸೆ ತಿನ್ನುತ್ತಿದ್ದರು. 80 ದಾಟಿದ ಮೇಲೆ ಎರಡಕ್ಕೇ ‘ಸಾಕು’ ಅಂತ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಆಗ ನಾನು ರೇಗಿದ್ದೇ ಜಾಸ್ತಿ. ಈಗ ನನಗೇ 74. ತಟ್ಟೆ ತುಂಬ ಅನ್ನ ಕಂಡರೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಅವರದು ಹಟ ಆಗಿರಲಿಲ್ಲ ಅಂತ ಈಗ ತಿಳಿಯುತ್ತಿದೆ.

ವಯಸ್ಸಾದವರ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಮೂಗು, ನಾಲಿಗೆ ಎರಡೂ ಮಂದವಾಗುತ್ತವೆ. ಹಸಿವನ್ನು ಮೆದುಳಿಗೆ ಹೇಳುವ ಗ್ರೆಲಿನ್ ಅನ್ನೋ ಹಾರ್ಮೋನು ಒಂದಿದೆ, 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು. ‘ಸಾಕು’ ಅಂತ ಹೇಳುವ ಹಾರ್ಮೋನುಗಳು ಬೇರೆ. ಮುಪ್ಪಿನಲ್ಲಿ ಇವುಗಳದೇ ದನಿ ದೊಡ್ಡದು.

ಹಾಗಾಗಿ ಮೂರು ಹೊತ್ತಿನ ಊಟವನ್ನು ಐದಾರು ಸಲ ಮಾಡಿ. ಸಣ್ಣ ತಟ್ಟೆಯಲ್ಲಿ ಸ್ವಲ್ಪ ಬಡಿಸಿ, ಬೇಕಾದರೆ ಮತ್ತೆ ಕೇಳಲಿ. ಊಟಕ್ಕೆ ಮುಂಚೆ ಚಾ, ಖಾರಿ ಬಿಸ್ಕತ್ತು ಕೊಡಬೇಡಿ. ನೀರೂ ಅಷ್ಟೇ, ಊಟಕ್ಕೆ ಮೊದಲು ಲೋಟಗಟ್ಟಲೆ ಬೇಡ, ನಡುನಡುವೆ ಕುಡಿಯಲಿ. ಅರ್ಧ ಗಂಟೆ ಮೊದಲು ನಿಂಬೆರಸ ಹಿಂಡಿದ ಶುಂಠಿ ಚೂರು ಒಂದೆರಡು ನಾಲಿಗೆಗೆ ಹಿತ. ಎದೆಯುರಿ ಇದ್ದವರಿಗೆ ಮಾತ್ರ ಬೇಡ.

ನಾನು ಮಾಡಿದ ದೊಡ್ಡ ತಪ್ಪು ಗಂಜಿ. ಸುಲಭವಾಗಿ ಇಳಿಯುತ್ತದೆ ಅಂತ ತಿಂಗಳುಗಟ್ಟಲೆ ಬರೀ ಗಂಜಿ, ಉಪ್ಪಿನಕಾಯಿ ಕೊಟ್ಟೆ. ಮಾವನ ತೋಳು ಕಡ್ಡಿಯಾಯಿತು. ಹಿರಿಯರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಒಂದು ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ಬೇಕು. ಗಂಜಿಗೇ ಹೆಸರುಬೇಳೆ ಹಾಕಿ ಬೇಯಿಸಿ, ಮೇಲೊಂದು ಚಮಚ ತುಪ್ಪ ಬಿಡಿ. ಪಲ್ಯಕ್ಕೆ ಶೇಂಗಾ ಪುಡಿ ಉದುರಿಸಿ. ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಕೊಡಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ.

ನಮ್ಮ ಯಜಮಾನರ ಕಥೆ ಉಲ್ಟಾ. ಸಕ್ಕರೆ ಕಾಯಿಲೆ, ನಾಲ್ಕು ಗಂಟೆಗೆ ಚಕ್ಕುಲಿ ಡಬ್ಬ ಹುಡುಕುತ್ತಾರೆ! ಅವರಿಗೆ ಮೂರೂವರೆಗೇ ಹುರಿಗಡಲೆ, ಮಜ್ಜಿಗೆ. ಡಬ್ಬ ಅಟ್ಟದ ಮೇಲೆ. ಸಕ್ಕರೆ ಕಾಯಿಲೆಯವರು ಊಟ ಬಿಟ್ಟು ಗುಳಿಗೆ ಮಾತ್ರ ನುಂಗಿದರೆ ಸಕ್ಕರೆ ಇಳಿದು ತಲೆ ಸುತ್ತಬಹುದು, ಅದನ್ನೂ ನೋಡಿಕೊಳ್ಳಿ.

ಬಾಯಿ ಬಿಡಿಸಿ ನೋಡುವುದನ್ನು ಮರೆಯಬೇಡಿ. ಮಾವನ ಹಲ್ಲಿನ ಸೆಟ್ ಸಡಿಲವಾಗಿ ವಸಡು ಹುಣ್ಣಾಗಿತ್ತು. ‘ಹಸಿವಿಲ್ಲ’ ಅಂತ ಹೇಳಿ ಎಷ್ಟೋ ದಿನ ಮುಚ್ಚಿಟ್ಟಿದ್ದರು, ಸೆಟ್ ಮಾಡಿಸುವ ಖರ್ಚು ಬೇಡ ಅಂತ. ಮಲಬದ್ಧತೆ, ಮಾತ್ರೆಗಳು, ಮನಸ್ಸಿನ ಬೇಸರ, ಇವೂ ಹಸಿವು ಕೊಲ್ಲುತ್ತವೆ. 60 ಕಿಲೋ ಇದ್ದವರು ಆರು ತಿಂಗಳಲ್ಲಿ ಸುಮ್ಸುಮ್ನೆ ಮೂರು ಕಿಲೋ ಇಳಿದರೆ ಮನೆಮದ್ದು ಬಿಟ್ಟು ಮಾತ್ರೆ ಚೀಟಿ ಸಮೇತ ಡಾಕ್ಟರ ಹತ್ತಿರ ಹೋಗಿ.

ಇನ್ನು, ಎಲ್ಲರೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಹೋದ ಮೇಲೆ ಮುಚ್ಚಿಟ್ಟ ತಟ್ಟೆ ಎದುರು ಒಬ್ಬರೇ ಕೂತರೆ ಯಾರಿಗೆ ತಾನೆ ಊಟ ಸೇರುತ್ತದೆ? ಭಾನುವಾರ ನನ್ನ ಮೈದುನ ಮಾಟುಂಗಾ ಮಾರ್ಕೆಟ್ಟಿನಿಂದ ಬಾಳೆಲೆ ತರುತ್ತಿದ್ದ, ಎಲ್ಲರೂ ನೆಲಕ್ಕೆ ಕೂರುತ್ತಿದ್ದೆವು. ಆ ದಿನ ಮಾವ ಎರಡನೇ ಸಲ ಸಾರು ಕೇಳುತ್ತಿದ್ದರು.