ಚಪ್ಪಲಿ ಒಳಗೆ, 'ಇವರು' ಹೊರಗೆ

ಎಲ್ಲರೂ ಎಲ್ಲರಿಗೂ ಏನಾದರೊಂದು ಸಂಬಂಧ ಆಗುವ ಊರು ಇದು. ಮನೆಯವರ ಕುಡಿತದ ಬಗ್ಗೆ ಬಾಯಿ ಬಿಡುವವರು ಉಡುಪಿಯಲ್ಲಿ ಸಿಗಲಿಕ್ಕಿಲ್ಲ ಎಂದವರೇ ಹೆಚ್ಚು. ಈಗ ಅಂಥವರ ನಮ್ಮ ಸಭೆಯಲ್ಲಿ ವಾರವಾರ ಹನ್ನೆರಡು-ಹದಿಮೂರು ಕುರ್ಚಿ ತುಂಬುತ್ತದೆ. ಮಾದರಿ ಕುಡಿಯುವವರ ಮನೆಯವರಿಗೆಂದೇ ಇರುವ ಸ್ವಸಹಾಯ ಕೂಟ ಅಲ್-ಅನಾನ್‌ದೇ. 1951ರಿಂದ ನಡೆದುಬಂದ ಕ್ರಮವನ್ನು ನಾವು ಹೆಚ್ಚು ಮುಟ್ಟಿಲ್ಲ, ಸಭೆಯ ಹೊತ್ತು ಮತ್ತು ಒಳಬರುವ ರೀತಿಯನ್ನು ಬದಲಿಸಿದೆವು.

ಭಾನುವಾರ ಬೆಳಿಗ್ಗೆ ಇಟ್ಟು ಕೆಟ್ಟೆವು. ಕುಡಿಯುವವರು ಮನೆಯಲ್ಲೇ ಇರುವಾಗ ಹೆಂಗಸರು ಹೊರಡುವುದು ಹೇಗೆ? ಕಟ್ಟಿದ ಬೀಡಿ ಒಪ್ಪಿಸಲು ಬೀಡಿ ಬ್ರಾಂಚಿಗೆ ಹೋಗುವ ಹೊತ್ತಿಗೆ ಹೊಂದಿಸಿದ ಮೇಲೆ ಜನ ಬಂದರು. ಮಳೆಗಾಲದಲ್ಲಿ ಬೋಟು ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬೋಟಿನವರು ಮನೆಯಲ್ಲಿರುತ್ತಾರೆ, ಆಗ ಹಾಜರಿ ಅರ್ಧ. ಫೋನ್ ಸಭೆಯನ್ನೂ ಮಾಡಿ ನೋಡಿದ್ದುಂಟು. ಪಕ್ಕದ ಕೋಣೆಯಲ್ಲಿ ಕುಡಿಯುವವರೇ ಕೂತಿರುವಾಗ ಎಂಥ ಮಾತು!

ಬೋರ್ಡ್ ಇಲ್ಲದಿದ್ದರೂ ಗುಟ್ಟು ಬಿಟ್ಟುಕೊಡುವುದು ಮೆಟ್ಟಿಲ ಮೇಲಿನ ಚಪ್ಪಲಿ. ಒಳಗೆ ಯಾರಿದ್ದಾರೆ ಎಂದು ದಾರಿಹೋಕರು ಅದರಲ್ಲೇ ಓದುತ್ತಾರೆ. ಈಗ ಚಪ್ಪಲಿ ಚೀಲದಲ್ಲಿ ಕುರ್ಚಿಯಡಿಗೆ, ಸ್ಕೂಟರ್ ಎರಡು ಓಣಿ ಆಚೆಗೆ.

ತಲಾ ಮೂರು ನಿಮಿಷ, ಯಾರೂ ಯಾರಿಗೂ ಉತ್ತರ ಕೊಡುವಂತಿಲ್ಲ. 'ಇವರು ನಿನ್ನೆ...' ಎಂದು ಶುರುವಾದರೆ ಇಪ್ಪತ್ತು ನಿಮಿಷವೂ ಸಾಲದು. ವಾಕ್ಯ 'ನಾನು' ಎಂದೇ ಶುರುವಾಗಬೇಕು. ತಪ್ಪಿದರೆ ನಡೆಸುವವರು ಮೇಜಿನ ಮೇಲೊಂದು ಹುಣಸೆ ಬೀಜ ಇಡುತ್ತಾರೆ, ಅಷ್ಟೇ. ಓದು ಕನ್ನಡದಲ್ಲಿ, ಮಾತು ತುಳುವಿನಲ್ಲಿ ಆದಾಗ ಗಂಟಲು ಬೇಗ ಸಡಿಲಾಯಿತು.

ಬಾಡಿಗೆ ವಾರಕ್ಕೆ ಇನ್ನೂರು, ಚಾ ನೂರರ ಹತ್ತಿರ. ಡಬ್ಬಿಗೆ ಬೀಳುವುದು ತಲಾ ಹತ್ತು-ಇಪ್ಪತ್ತು. ಮೊದಲ ಆರು ತಿಂಗಳಲ್ಲಿ ಐದು ಸಾವಿರದಷ್ಟು ಕೈಯಿಂದ ಹೋಯಿತು. ಚಾ ಬಿಟ್ಟೆವು, ಲೆಕ್ಕ ಕೂಡಿತು. ದಾನಿಯೊಬ್ಬರು ಹತ್ತು ಸಾವಿರ ಹಿಡಿದು ಬಂದರು, ಜೊತೆಗೆ ಬ್ಯಾನರ್, ಫೋಟೋ. ಕೂಟ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕೆಂಬ ಅಲ್-ಅನಾನ್ ಏಳನೇ ಸಂಪ್ರದಾಯದಂತೆ ಹೊರಗಿನ ಹಣ ಬೇಡವೆಂದೆವು. ಫೋಟೋ ತೆಗೆದಿದ್ದರೆ ಮರುವಾರ ಖಾಲಿ ಕುರ್ಚಿ.

ಸಲಹೆ ಕೊಡಬಾರದೆಂಬ ನಿಯಮವನ್ನು ಎರಡು ಕಡೆ ಮುರಿದಿದ್ದೇವೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆಯನ್ನು ಗೊತ್ತಾಗದಂತೆ ಸಾರಿಗೆ ಬೆರೆಸಬೇಡಿ: ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವವೇ ಹೋಗಬಹುದು. ದಿನವಿಡೀ ಕುಡಿಯುವವರನ್ನು ಕೋಣೆಗೆ ಹಾಕಿ ಒಮ್ಮೆಲೇ ಬಿಡಿಸಬೇಡಿ: ಎರಡು-ಮೂರು ದಿನದೊಳಗೆ ಫಿಟ್ಸ್ ಬರಬಹುದು, ಆಸ್ಪತ್ರೆಗೇ ಒಯ್ಯಿರಿ. ಇವೆರಡನ್ನು ಬರೆದ ಚೀಟಿಯನ್ನು ಪ್ರತಿ ಸಭೆಯಲ್ಲೂ ಡಬ್ಬಿ ತಿರುಗುವ ಮೊದಲು ಓದುತ್ತೇವೆ.